ಎಡಗಡೆಯ ಚಕ್ರ

ಬಲಗಡೆಯ ಚಕ್ರ ಇಳಿಯಿತು. ಎಡಗಡೆಯದು ಇಳಿಯಲಿಲ್ಲ. ಹೆಪ್ಪುಗಟ್ಟಿದ ಸರೋವರದ ಮೇಲೆ ಕೂತು ಮೀನು ಹಿಡಿಯುವ ಗೂಡು, ನಮ್ಮ ಮೀನುಮನೆ, ಒಂದು ಭುಜವನ್ನಷ್ಟೇ ಎತ್ತಿ ಓರೆಯಾಗಿ ನಿಂತಿತು. ಒಳಗೆ ಏನೋ ಉರುಳಿಕೊಂಡು ಹೋಗಿ ಗೋಡೆಗೆ ಬಡಿಯಿತು. ನನ್ನ ಗಂಡ ಲೈಲ್‌ನ ಫ್ಲಾಸ್ಕ್ ಇರಬೇಕು. ಜನವರಿಯಿಂದ ಒಳಗಿನದನ್ನು ಯಾರೂ ಮುಟ್ಟಿರಲಿಲ್ಲ.

"ಸಾಕು ಮಾವ, ನಿಲ್ಲಿಸಿ!" ಎಂದು ಕೂಗಿದೆ. "ಈ ಕಡೇದು ಜಪ್ಪಯ್ಯ ಅಂದ್ರೂ ಅಲ್ಲಾಡ್ತಿಲ್ಲ."

ಮನೆಯ ಆ ಬದಿಯಲ್ಲಿ ಹ್ಯಾಂಡಲಿನ ಕಟಕಟ ಸದ್ದು ನಿಂತಿತು. "ತಿರುಗಿಸ್ತಿದೀಯೋ, ಸುಮ್ನೆ ಹಿಡ್ಕೊಂಡು ನಿಂತಿದೀಯೋ?" ಎಂದು ನನ್ನ ಮಾವ ಆರ್ವೊ ಕೇಳಿದರು.

"ತಿರುಗಿಸ್ತಾನೇ ಇದೀನಿ. ಉಕ್ಕಿನ ಹಗ್ಗ ಬಿಗಿದು ಹಾಡ್ತಿದೆ."

"ಹಾಡೋಕೆ ಶುರು ಮಾಡಿದ್ರೆ ಬಿಟ್ಬಿಡು ಹುಡುಗಿ. ಇನ್ನೊಂದು ಸುತ್ತಿಗೆ ಕಡಿದು ನಿನ್ನ ಮೂಗು ಹಾರಿಸ್ಕೊಂಡು ಹೋಗತ್ತೆ. ಇರೋದೇ ಒಂದು ಮೂಗು."

"ಅದಕ್ಕೆ ಈಗ ಒಳ್ಳೆ ಬೀಟ್‌ರೂಟ್ ಬಣ್ಣ ಬೇರೆ ಬಂದಿದೆ," ಎಂದ ವೆಂಡೆಲ್. ದಡದಲ್ಲಿ ಬಾರ್ ನಡೆಸುವವನು, ಚಳಿಗಾಲವಿಡೀ ಸರೋವರದ ಮೇಲಿನ ದಾರಿಯ ಹಿಮ ಬಾಚುವವನು ಅವನೇ. ಮನೆಯನ್ನು ಎಳೆಯಲು ತನ್ನ ಟ್ರಕ್ಕು ತಂದಿದ್ದ. "ಬೇಗ ಬೇಗ ಆಗ್ಲಿ. ದಡದ ಹತ್ರ ಮಂಜುಗಡ್ಡೆ ಕೊಳೀತಾ ಇದೆ. ಇವತ್ತು ಟ್ರಕ್ಕು ಹೊರತ್ತೆ, ನಾಳೇನೂ ಹೊರತ್ತೆ ಅಂತ ನಾನಂತೂ ಬೈಬಲ್ ಮುಟ್ಟಿ ಹೇಳಲ್ಲ."

ಡಿಸೆಂಬರಿನಲ್ಲಿ ಲೈಲ್ ಈ ಮನೆಯನ್ನು ಇಲ್ಲಿಗೆ ಎಳೆತಂದು, ಎರಡೂ ಚಕ್ರಗಳನ್ನು ಮೇಲಕ್ಕೆತ್ತಿ, ನೆಲವನ್ನು ಮಂಜುಗಡ್ಡೆಯ ಮೇಲೆ ಸಪಾಟಾಗಿ ಕೂರಿಸಿದ್ದ. ಈಗ ಅದೇ ಚಕ್ರಗಳನ್ನು ಕೆಳಗಿಳಿಸಿ, ಮನೆಯನ್ನು ಅವುಗಳ ಮೇಲೆ ಎತ್ತಿ, ದಡಕ್ಕೆ ಒಯ್ಯಬೇಕಿತ್ತು. ನಾಳೆ ಸಂಜೆಯ ನಂತರ ಪೆಲ್ಟೊ ಸರೋವರದ ಮೇಲೆ ಒಂದು ಮನೆಯೂ ಇರಕೂಡದೆಂಬುದು ನಿಯಮ. ಉಳಿದವರೆಲ್ಲ ಆಗಲೇ ಹೋಗಿಯಾಗಿತ್ತು. ಅವರ ಮನೆಗಳಿದ್ದ ಕಡೆ ಚೌಕಾಕಾರದ ಕೊಳಕು ಕಲೆಗಳು, ಮೀನಿನ ಹೊಟ್ಟೆಯ ಕಸ, ಅದನ್ನು ಹೆಕ್ಕುವ ಕಾಗೆಗಳು ಉಳಿದಿದ್ದವು.

ನಾನಾದರೆ ಬಿಟ್ಟೇಬಿಡುತ್ತಿದ್ದೆ. ಏಪ್ರಿಲಿನಲ್ಲಿ ಮಂಜುಗಡ್ಡೆ ಬಿರಿದಾಗ ತಾನಾಗಿ ಮುಳುಗಲಿ ಎನ್ನುತ್ತಿದ್ದೆ. ಆ ಮನೆಯೊಳಗೆ ನನ್ನ ಗಂಡ ಸತ್ತಿದ್ದ.

ಜನವರಿಯ ಹಿಮಗಾಳಿಯ ಮೂರನೆಯ ರಾತ್ರಿ ಅದು. ಹೀಟರಿನ ಹೊಗೆ ಹೊರಹೋಗುವ ಕಿಂಡಿ ಮುಚ್ಚಿಹೋಗಿ, ವಿಷವೆಲ್ಲ ಒಳಗೇ ತುಂಬಿಕೊಂಡಿತು. ಬೆಳಿಗ್ಗೆ ದಾರಿ ಬಾಚಲು ಬಂದ ವೆಂಡೆಲ್ ಕಿಟಕಿ ಒಡೆದು ನೋಡಿದಾಗ ಲೈಲ್ ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದನಂತೆ. ಕೆನ್ನೆ ಕೆಂಪಗೆ, ಆರೋಗ್ಯವಂತನ ಹಾಗೆ ಇತ್ತಂತೆ. ಗಾಳಿ ತಂದು ಸುರಿದ ಹಿಮ ಕಿಂಡಿಯನ್ನು ಮುಚ್ಚಿದೆ, ಯಾರ ತಪ್ಪೂ ಇಲ್ಲ ಎಂದು ನೋಡಲು ಬಂದ ಅಧಿಕಾರಿ ಹೇಳಿ ಹೋದ.

ಯಾರ ತಪ್ಪೂ ಇಲ್ಲ ಎಂಬ ಮಾತನ್ನು ನನ್ನ ಅತ್ತೆ ಹಿಲ್ಮಾ ಒಪ್ಪಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಕಾಫಿ ಕುಡಿಯುತ್ತ ಕೂತಿದ್ದಾಗ ಆಕೆ ದನಿ ತಗ್ಗಿಸದೆ ಅಂದರು, "ಮನೇಲಿ ಬೆಚ್ಚಗಿನ ಹಾಸಿಗೆ ಸಿಗೋ ಗಂಡಸು ಮಂಜುಗಡ್ಡೆ ಮೇಲೆ ಹೋಗಿ ಸಾಯಲ್ಲ." ಮೇಜಿನ ಸುತ್ತ ಇದ್ದವರೆಲ್ಲ ತಮ್ಮ ತಮ್ಮ ಬಟ್ಟಲಿನೊಳಗೆ ನೋಡಿಕೊಂಡರು. ಆ ಬಟ್ಟಲುಗಳಿಂದ ಊರಿನವರ ಕಣ್ಣು ಇನ್ನೂ ಮೇಲೆ ಬಂದಿಲ್ಲ. ಅಂಗಡಿಗೆ ಹೋದರೆ ನನ್ನನ್ನು ಮಾತಾಡಿಸುವವರು ಬ್ರೆಡ್ಡು ನೋಡಿಕೊಂಡು ಮಾತಾಡಿಸುತ್ತಾರೆ.

ನಾವು ಜಗಳವಾಡಿದ್ದು ನಿಜ. ಲೈಲ್ ಕೋಪಿಸಿಕೊಂಡು ಹೋಗಿ ಮೀನುಮನೆಯಲ್ಲಿ ಮಲಗಿದ್ದೂ ನಿಜ. ಜಗಳ ಆಗಿದ್ದು ಅಡುಗೆಮನೆಯ ಕಿಟಕಿಗಾಗಿ.

ಆರ್ವೊ ಯಾರನ್ನೂ ಕೇಳದೆ, ಯಾರಿಗೂ ಹೇಳದೆ ಕೆಲಸ ಮಾಡುವ ಮನುಷ್ಯ. ಅವರ ಮನೆ ಬೇರೆ, ಆದರೂ ನಾನು ಮದುವೆಯಾಗಿ ಬಂದಾಗಿನಿಂದ ಅವರು ನಮ್ಮ ಬಾಗಿಲು ತಟ್ಟಿದ್ದನ್ನು ಕಂಡಿಲ್ಲ. ಬೆಳಿಗ್ಗೆ ಎದ್ದರೆ ಅಂಗಳದ ಹಿಮ ಬಾಚಿರುತ್ತದೆ. ಕೆಲಸದಿಂದ ಬಂದರೆ ಚಾಕುಗಳೆಲ್ಲ ಸಾಣೆ ಹಿಡಿದಿರುತ್ತವೆ. ಸೌದೆ ತುಂಬಿರುತ್ತದೆ. ಒಮ್ಮೆ ನಾನು ಸ್ನಾನದಲ್ಲಿದ್ದಾಗ ಬಾಗಿಲಿನಾಚೆ ಕುಳಿತು ಹಿಡಿಯ ಸ್ಕ್ರೂ ಬಿಗಿಮಾಡಿ ಹೋಗಿದ್ದರು. ಇದೆಲ್ಲ ಪ್ರೀತಿಯೆಂದು ನನಗೆ ಗೊತ್ತಿತ್ತು. ಪ್ರೀತಿಯಾದ್ದರಿಂದಲೇ ಬೇಡವೆನ್ನಲು ಬಾಯಿ ಬರುತ್ತಿರಲಿಲ್ಲ. ಜನವರಿಯಲ್ಲಿ ಒಂದು ದಿನ ಸಂಜೆ ಬಂದು ನೋಡಿದರೆ ಅಡುಗೆಮನೆಯ ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು, ಅಂಚಿನುದ್ದಕ್ಕೂ ಟೇಪ್ ಮೆತ್ತಿ, ಮೊಳೆ ಹೊಡೆದಿದ್ದರು. ಗಾಳಿ ಬರಬಾರದೆಂದು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಆ ಕಿಟಕಿಯನ್ನು ಒಂದು ಗೇಣು ತೆರೆದು, ಹೊರಗಿನ ಚಳಿಯನ್ನು ಮುಖಕ್ಕೆ ತಗೊಂಡು ನಿಲ್ಲುವುದು ನನ್ನ ಅಭ್ಯಾಸ. ದಿನದಲ್ಲಿ ಅದೊಂದೇ ನನ್ನದು. ನಾನು ಆ ಹಾಳೆಯನ್ನು ಹರಿದು ಎಸೆದೆ.

"ನಿಮ್ಮಪ್ಪನಿಗೆ ಹೇಳು, ಕೇಳ್ದೆ ಯಾವುದಕ್ಕೂ ಕೈ ಹಾಕ್ಬಾರ್ದು ಅಂತ," ಎಂದೆ.

"ನೀನೇ ಹೇಳು. ಮುದುಕ ಚಳೀಲಿ ನಿಂತು ಮೊಳೆ ಹೊಡ್ದಿದಾನೆ, ನಿಂಗೆ ಅದೇ ತಪ್ಪಾಗಿ ಕಂಡ್ರೆ ನೀನೇ ಹೇಳು," ಎಂದ ಲೈಲ್. ಹೊದಿಕೆ ಎತ್ತಿಕೊಂಡು ಹೊರಟುಹೋದ.

ಇದನ್ನು ಹಿಲ್ಮಾಗೆ ಹೇಗೆ ಹೇಳಲಿ? ಕಿಟಕಿಯ ಹಾಳೆಗಾಗಿ ನಿಮ್ಮ ಮಗ ಹೋದ ಎಂದರೆ ಆಕೆಯ ಮಾತೇ ನಿಜವಾಗುತ್ತಿತ್ತು. ನಾನು ಸುಮ್ಮನಿದ್ದೆ. ಸುಮ್ಮನಿದ್ದು ಇದ್ದು, ರಾತ್ರಿಗಳಲ್ಲಿ, ನನಗೂ ಅದೇ ನಿಜವೆನ್ನಿಸತೊಡಗಿತ್ತು.

ಮೀನುಮನೆ ಎಳೆಯಲು ಹೋದ ಆ ದಿನ ಹಿಲ್ಮಾ ಕೂಡ ಬಂದಿದ್ದರು. ಮಗನ ಟೊಪ್ಪಿಗೆ, ಫ್ಲಾಸ್ಕು, ಚಾಕು ತಮಗೆ ಬೇಕೆಂದಿದ್ದರು. ವೆಂಡೆಲ್‌ನ ಟ್ರಕ್ಕಿನಲ್ಲಿ ಮಡಿಲ ಮೇಲೆ ಬುಟ್ಟಿ ಇಟ್ಟುಕೊಂಡು ಕೂತಿದ್ದರು.

"ಗಾಲಿಗೂಡಿನಲ್ಲಿ ಮಂಜು ಕಟ್ಟಿರತ್ತೆ," ಎಂದರು ಆರ್ವೊ, ಬಲಬದಿಯಿಂದಲೇ. "ನಾನು ಈ ಕಡೆ ಹಲಗೆ ಕೊಟ್ಟು ಜ್ಯಾಕ್ ಹಾಕ್ತೀನಿ, ಮಗುಚ್ಕೊಳ್ಳದ ಹಾಗೆ. ನೀನು ಆ ಕಡೆ ಹಾರೆ ತಗೊಂಡು ಬಿಡಿಸು. ಟೈರಿಗೆ ಏಟು ಬೀಳ್ಬಾರ್ದು."

"ಬಾರಿಂದ ಒಂದು ಕೊಡ ಬಿಸಿನೀರು ತರ್ಲಾ?" ಎಂದ ವೆಂಡೆಲ್.

"ತಾರಪ್ಪ. ಅದೂ ಹೆಪ್ಪುಗಟ್ಟಿ, ಬಿಸಿನೀರು ಹುಯ್ದವನು ಆಮೇಲೆ ಎರಡರಷ್ಟು ಮಂಜು ಕಡೀತಾನೆ. ನಿನ್ನ ಬಾರಲ್ಲಿ ಕಲಿತ ವಿದ್ಯೆಯಾ ಇದು?"

"ನನ್ನ ಬಾರಲ್ಲಿ ನೀರು ಯಾರೂ ಮುಟ್ಟಲ್ಲ ಆರ್ವೊ."

ಅವರಿಬ್ಬರೂ ನಕ್ಕರು. ನಾನು ಹಾರೆ ಎತ್ತಿಕೊಂಡೆ.

ಮೇಲಿನ ಹಿಮ ಸಲಿಕೆಗೆ ಸುಲಭವಾಗಿ ಬಂತು. ಗಾಳಿ ತಂದ ಹಿಮ ಹಾಗೆಯೇ ಇರುತ್ತದೆ, ಪದರ ಪದರವಾಗಿ, ಒಣಗಿ, ಸಕ್ಕರೆಯ ಹಾಗೆ. ಅದರ ಕೆಳಗೆ ಸಲಿಕೆ ಠಣ್ ಎಂದಿತು. ಬೂದು ಬಣ್ಣದ ಗಟ್ಟಿ ಗೋಡೆ. ಕಿಟಕಿಯ ಅಂಚಿನವರೆಗೂ ಏರಿ, ನುಣ್ಣಗೆ, ಇಳಿಜಾರಾಗಿ ನಿಂತಿತ್ತು. ಮೈಮೇಲೆ ಮೀನಿನ ಹುರುಪೆಯಂಥ ಗುರುತುಗಳು, ಒಂದರ ಮೇಲೊಂದು. ಸಲಿಕೆಯ ಬೆನ್ನಿನಿಂದ ಒತ್ತಿದ ಗುರುತುಗಳು.

ಮೊದಲು ನನಗೆ ಏನೂ ಹೊಳೆಯಲಿಲ್ಲ. ಹಾರೆಯಿಂದ ಬುಡಕ್ಕೆ ಹೊಡೆದೆ, ಒಂದು ಚಪ್ಪಡಿ ಬಿಟ್ಟುಕೊಂಡಿತು. ಅದರ ಅಡಿಯಲ್ಲಿ ಹಸಿರು ಕಾಣಿಸಿತು. ಸ್ಪ್ರೂಸ್ ಮರದ ಕೊಂಬೆ. ಮಂಜುಗಡ್ಡೆಯೊಳಗೆ ಸಿಕ್ಕಿಕೊಂಡು ಸೂಜಿಯೆಲೆಗಳೆಲ್ಲ ಈಗ ಕಡಿದುತಂದ ಹಾಗೆ ಹಸಿರಾಗಿದ್ದವು. ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕ ಮತ್ತೊಂದು, ಗೋಡೆಯುದ್ದಕ್ಕೂ ಸಾಲಾಗಿ, ಬುಡವೆಲ್ಲ ಒಂದೇ ಕಡೆ.

ಹಿಮಕ್ಕೆ ಸರೋವರದ ನೀರು ಬೆರೆಸಿ, ಗಂಜಿ ಮಾಡಿ, ಮೀನುಮನೆಯ ಬುಡಕ್ಕೆ ಮೆತ್ತುವುದು ಹಳಬರ ಪದ್ಧತಿ. ರಾತ್ರಿ ಕಳೆಯುವುದರೊಳಗೆ ಸಿಮೆಂಟಿನಂತಾಗುತ್ತದೆ, ಒಂದು ಎಳೆ ಗಾಳಿ ಒಳಗೆ ನುಸುಳುವುದಿಲ್ಲ. ಅಡಿಗೆ ಕೊಂಬೆ ಹಾಸಿದರೆ ಮಾರ್ಚಿನಲ್ಲಿ ಕೀಳುವಾಗ ಚಪ್ಪಡಿ ಚಪ್ಪಡಿಯಾಗಿ ಏಳುತ್ತದೆ. ಈಗಿನವರು ಹಿಮ ಬಾಚಿ ಒತ್ತರಿಸಿ ಸುಮ್ಮನಾಗುತ್ತಾರೆ. ಕೊಂಬೆ ಹಾಸಿ ಗಂಜಿ ಮೆತ್ತುವ ವ್ಯವಧಾನ ನಮ್ಮ ಊರಿನಲ್ಲಿ ಒಬ್ಬರಿಗೆ ಮಾತ್ರ ಉಳಿದಿತ್ತು.

ಅವರ ಕಾಲದ ಮರದ ಗೂಡುಗಳಿಗೆ ಹೊಗೆಯ ಕೊಳವೆ ಸೂರಿನ ಮೇಲೆ ಇರುತ್ತಿತ್ತು. ಗೋಡೆಗೆ ಎಷ್ಟು ಮೆತ್ತಿದರೂ ಒಳಗಿನವನಿಗೆ ಬೆಚ್ಚಗಾಗುವುದಷ್ಟೇ. ಲೈಲ್‌ನ ಈ ಚಕ್ರದ ಮನೆಗೆ ಹೊಗೆಕಿಂಡಿ ಇದ್ದದ್ದು ಎಡಗೋಡೆಯಲ್ಲಿ, ನೆಲದಿಂದ ಮೊಣಕಾಲೆತ್ತರದಲ್ಲಿ, ಚಕ್ರದ ಗೂಡಿನ ಪಕ್ಕ.

ಹಾರೆ ಇನ್ನೊಂದು ಸಲ ಎತ್ತಿದ್ದು ನೆನಪಿದೆ. ದೊಡ್ಡ ಚಪ್ಪಡಿಯೊಂದು ಗೋಡೆಯಿಂದ ಕಳಚಿ ಮಗುಚಿ ಬಿತ್ತು. ಕಿಂಡಿಯ ಲೋಹದ ತಟ್ಟೆ ಕಾಣಿಸಿತು, ಅದರಲ್ಲಿ ಎರಡು ತೂತು, ಸುತ್ತ ಮಸಿ. ಬಿದ್ದ ಚಪ್ಪಡಿಯ ಒಳಮೈಯಲ್ಲಿ ಎರಡು ದುಂಡನೆಯ ಗುಬುಟುಗಳಿದ್ದವು. ಗಂಜಿ ಆ ತೂತುಗಳೊಳಕ್ಕೆ ಇಳಿದು ಅಚ್ಚಾಗಿತ್ತು. ಸೀಸೆಗೆ ಬಿರಡೆ ಕೂರುವ ಹಾಗೆ.

ನಾನು ಅಲ್ಲಿಯೇ ಕೂತುಬಿಟ್ಟೆ. ಹಿಮಗಾಳಿಯ ಆ ಸಂಜೆ ಹೇಗೆ ನಡೆದಿರಬಹುದೆಂದು ನನಗೆ ಪೂರ್ತಿ ಕಂಡಿತು. ಲೈಲ್ ಬಾರಿಗೆ ಊಟಕ್ಕೆ ಹೋಗಿದ್ದಾನೆ. ಮುದುಕ ಕೊಂಬೆಯ ಹೊರೆ ಸ್ಲೆಡ್ಡಿನಲ್ಲಿ ಎಳೆದುಕೊಂಡು ಬಂದು, ಬಗ್ಗಿ, ಬಕೆಟ್ಟು ಬಕೆಟ್ಟು ಗಂಜಿ ಸುರಿದು, ಒತ್ತಿ, ನುಣ್ಣಗೆ ಮಾಡಿ, ಮಗ ಬರುವ ಮುಂಚೆ ಹೊರಟುಹೋಗಿದ್ದಾರೆ. ಹೆಂಡತಿಯೊಡನೆ ಜಗಳವಾಡಿ ಬಂದಿರುವ ಮಗನಿಗೆ ಚಳಿಯಾದರೂ ಆಗದಿರಲಿ ಎಂದು. ಲೈಲ್ ಕತ್ತಲಲ್ಲಿ ಮರಳಿ, ಬಲಬದಿಯ ಬಾಗಿಲಿನಿಂದ ಒಳಹೊಕ್ಕು, ಹೀಟರು ಹಚ್ಚಿ ಮಲಗಿದ್ದಾನೆ.

ನನ್ನೊಳಗೆ ಎದ್ದದ್ದು ದುಃಖವಲ್ಲ. ಸುಳ್ಳು ಹೇಳಬಾರದು, ಅದು ಸಂತೋಷಕ್ಕೆ ಬಹಳ ಹತ್ತಿರವಿತ್ತು. ನಾನಲ್ಲ. ನಾನಲ್ಲ, ನನ್ನ ಹಾಸಿಗೆಯಲ್ಲ, ನನ್ನ ಕಿಟಕಿಯಲ್ಲ. ಈ ಚಪ್ಪಡಿಯನ್ನು ಹೊತ್ತುಕೊಂಡು ಹೋಗಿ ಹಿಲ್ಮಾ ಮಡಿಲಲ್ಲಿ, ಆ ಬುಟ್ಟಿಯ ಮೇಲೆ ಇಟ್ಟರೆ ಸಾಕು, ಒಂದು ಮಾತೂ ಆಡಬೇಕಿಲ್ಲ. ಆಕೆಯ ತಲೆ ಬಗ್ಗುವುದನ್ನು ಕಣ್ಣಾರೆ ಕಂಡ ಹಾಗಾಯಿತು. ಎಷ್ಟೋ ರಾತ್ರಿ ಅದನ್ನು ಕಲ್ಪಿಸಿಕೊಂಡು ನಿದ್ದೆ ಹೋಗಿದ್ದೆ.

ಅಷ್ಟರಲ್ಲಿ ಆ ಬದಿಯಿಂದ ಜ್ಯಾಕಿನ ಸದ್ದಿನ ನಡುವೆ ಆರ್ವೊ ಹಾಡು ಗುನುಗುವುದು ಕೇಳಿಸಿತು. ಅದು ಹಾಡೂ ಅಲ್ಲ, ಭಾರ ಎತ್ತುವಾಗ ಅವರು ಹಲ್ಲಿನ ನಡುವೆ ಬಿಡುವ ಒಂದು ರಾಗ. ಲೈಲ್‌ಗೂ ಅದು ಇತ್ತು.

ಅವರಿಗೆ ಗೊತ್ತಿಲ್ಲ. ಗೊತ್ತಿದ್ದ ಮನುಷ್ಯ ಹೀಗೆ ಗುನುಗುವುದಿಲ್ಲ. ತಾವು ಮೆತ್ತಿದ್ದು ಅವರಿಗೆ ನೆನಪಿದೆ, ಅದಕ್ಕೂ ಸಾವಿಗೂ ನಂಟಿದೆ ಎಂಬುದು ಗೊತ್ತಿಲ್ಲ. ಗೊತ್ತಾದರೆ ಈ ಮನುಷ್ಯ ಉಳಿಯುವುದಿಲ್ಲ.

ವೆಂಡೆಲ್ ಗ್ಯಾಸಿನ ಉರಿಬತ್ತಿ ಹಿಡಿದು ಬಂದ. "ಏನಮ್ಮ, ಪೂಜೆಗೆ ಕೂತಂಗೆ ಕೂತ್ಬಿಟ್ಟೆ?" ಎಂದವನು ಕೊಂಬೆಗಳನ್ನು ನೋಡಿದ. ಆಮೇಲೆ ಕಿಂಡಿಯನ್ನು. ಆಮೇಲೆ ಮಗುಚಿ ಬಿದ್ದಿದ್ದ ಚಪ್ಪಡಿಯನ್ನು. ಇಂಥ ಮನೆಗಳನ್ನು ವರ್ಷಕ್ಕೆ ಎಷ್ಟೋ ಎಳೆಯುವವನು ಅವನು, ಅವನಿಗೆ ಹೇಳಿಕೊಡಬೇಕಾದ್ದೇನೂ ಇರಲಿಲ್ಲ.

"ದೇವ್ರೇ," ಎಂದ ಬಹಳ ಮೆಲ್ಲಗೆ. "ಹಿಮ ಬಿದ್ದದ್ದಲ್ಲ ಇದು."

ನಾನು ಬಾಯಿಯ ಮೇಲೆ ಬೆರಳಿಟ್ಟೆ.

"ಕೊರಿನ್, ಊರೆಲ್ಲ ನಿನ್ನ..."

"ಗೊತ್ತು."

"ನೀನು ಹೇಳ್ದಿದ್ರೆ ನಾನು ಹೇಳ್ತೀನಿ. ಹಿಲ್ಮಾ ನಿನ್ನ ಬಗ್ಗೆ ನನ್ನ ಬಾರಲ್ಲೂ ಹೇಳಿದಾಳೆ. ಕೇಳಿ ಕೇಳಿ ನನಗೇ ಸಾಕಾಗಿದೆ."

"ಆ ರಾಗ ಕೇಳ್ತಿದೆಯಾ ನಿಂಗೆ?" ಎಂದೆ. ಅವನು ಕೇಳಿಸಿಕೊಂಡ. ಉರಿಬತ್ತಿಯನ್ನು ಕೆಳಗಿಟ್ಟ.

ನಾನು ಎದ್ದು ಹಾರೆಯಿಂದ ಆ ಎರಡು ಗುಬುಟುಗಳನ್ನು ಜಜ್ಜಿದೆ. ಚಪ್ಪಡಿ ಪುಡಿಯಾಗುವವರೆಗೂ ಜಜ್ಜಿದೆ. ವೆಂಡೆಲ್ ಕೊಂಬೆಗಳನ್ನು ಕಿತ್ತು, ರಾಶಿ ಮಾಡಿ, ಹಿಮದೊಳಗೆ ತುಳಿದ. ಕಿಂಡಿಯನ್ನೇನು ಮಾಡುವುದು? ಅದು ಗೋಡೆಯಲ್ಲಿತ್ತು. ಮೇಲೆ ಲಾಟೀನು ತೂಗುಹಾಕುವ ಕೊಕ್ಕೆಯಿತ್ತು. ನಾನು ಕೋಟು ಬಿಚ್ಚಿ ಅದಕ್ಕೆ ತಗುಲಿಸಿದೆ. ಅಂಚು ಕೆಳಗಿಳಿದು ಕಿಂಡಿಯನ್ನು ಮುಚ್ಚಿತು. ಗಾಳಿ ಸ್ವೆಟರಿನೊಳಕ್ಕೆ ತಣ್ಣನೆಯ ಕೈ ಹಾಕಿತು.

ಟ್ರಕ್ಕಿನ ಬಾಗಿಲು ತೆರೆದ ಸದ್ದಾಯಿತು. ಹಿಲ್ಮಾ ಬುಟ್ಟಿ ಹಿಡಿದು, ಜಾರದಂತೆ ಸಣ್ಣ ಸಣ್ಣ ಹೆಜ್ಜೆಯಿಟ್ಟು ಬಂದರು. ಏಲಕ್ಕಿ ಬ್ರೆಡ್ಡಿನ ವಾಸನೆ ಅವರಿಗಿಂತ ಮೊದಲು ಬಂತು. ವೆಂಡೆಲ್‌ಗೆ ಒಂದು ತುಂಡು ಕೊಟ್ಟರು. ಗಂಡನ ಪಾಲಿನದನ್ನು ಕರವಸ್ತ್ರದಲ್ಲಿ ಸುತ್ತಿ ಕೈಯಲ್ಲಿಟ್ಟುಕೊಂಡರು. ಬುಟ್ಟಿಯ ಮುಚ್ಚಳ ಹಾಕಿದರು.

"ಕೊರಿನ್‌ಗೆ?" ಎಂದ ವೆಂಡೆಲ್.

"ಅವಳಿಗೇನು, ಚಳಿಯೂ ಆಗಲ್ಲ ಹಸಿವೂ ಆಗಲ್ಲ. ನೋಡು, ಕೋಟು ಬಿಚ್ಚಿ ನಿಂತಿದಾಳೆ. ನನ್ನ ಮಗ ಇಲ್ಲಿ ನಡುಗ್ತಾ ಮಲಗಿದ್ನಲ್ಲ, ಆಗ ಇವಳು ಮನೇಲಿ ಕಿಟಕಿ ತೆರ್ಕೊಂಡು ನಿಂತಿದ್ಳು. ಪ್ಲಾಸ್ಟಿಕ್ ಹರಿದು ಕಸದ ಡಬ್ಬಿಗೆ ಹಾಕಿದ್ದು ನಾನೇ ನೋಡಿದೀನಿ."

ಅಂದರೆ ಆಕೆಗೆ ಕಿಟಕಿಯ ವಿಷಯ ಗೊತ್ತಿತ್ತು. ಎಷ್ಟು ದಿನದಿಂದ ಅದನ್ನು ಬಾಯಲ್ಲಿಟ್ಟುಕೊಂಡು ಜಗಿಯುತ್ತಿದ್ದರೋ.

"ಹಿಲ್ಮಾ, ಇವತ್ತು ಬೇಡ," ಎಂದ ವೆಂಡೆಲ್.

"ಇವತ್ತಲ್ಲದೆ ಇನ್ಯಾವತ್ತು? ಚಳಿಯಾಗಿದ್ದಕ್ಕೇ ಅಲ್ವಾ ಅವನು ಆ ದರಿದ್ರ ಹೀಟರನ್ನ ರಾತ್ರಿಯೆಲ್ಲ ಉರಿಸಿದ್ದು? ಹೆಂಡತಿ ಅನ್ನಿಸ್ಕೊಂಡವಳು ಬಂದು ಒಂದು ಸಲಿಕೆ ಹಿಮ ಗೋಡೆಗೆ ಹಾಕಿದ್ದಿದ್ರೆ..."

ನನ್ನ ಬಾಯಿ ತೆರೆಯಿತು. ಆ ವಾಕ್ಯ ನಾಲಿಗೆಯ ಮೇಲೆ ಬಂದು ಕೂತಿತ್ತು: ಹಾಕಿದ್ರು ಅತ್ತೆ, ಹಾಕಿದ್ರು, ನಿಮ್ಮ ಗಂಡ ಹಾಕಿದ್ರು. ವೆಂಡೆಲ್ ನನ್ನನ್ನೇ ನೋಡುತ್ತಿದ್ದ, ಬ್ರೆಡ್ಡು ಅರ್ಧ ಬಾಯಲ್ಲಿ. ಆಕೆಯ ತುಟಿ ಚಳಿಗೆ ಸೀಳಿತ್ತು. ಒಂದು ಕೈಗವಸು ಲೈಲ್‌ನದು, ಒಂದು ತನ್ನದು ಹಾಕಿಕೊಂಡಿದ್ದರು. ಅದು ಕಣ್ಣಿಗೆ ಬಿದ್ದಮೇಲೆ ನನಗೆ ಹೇಳಲಾಗಲಿಲ್ಲ. ಆಕೆಯ ಮೇಲಿನ ಕರುಣೆಯಿಂದಲ್ಲ. ನನ್ನನ್ನು ಬೈಯುತ್ತಿರುವಷ್ಟು ದಿನ ಆಕೆಗೆ ಕೂರಲು ಒಂದು ಜಾಗವಿದೆ, ಅದನ್ನು ಎಳೆದುಕೊಂಡರೆ ಆಕೆ ಬೀಳುವುದು ಆ ಮುದುಕನ ಮೇಲೆಯೇ ಎಂದು ಕಂಡಿತು.

"ಒಳಗಿನ ಸಾಮಾನು ತಗೊಳ್ಳಿ ಅತ್ತೆ," ಎಂದೆ. "ಬಾಗಿಲು ಆ ಕಡೆ."

ಆಕೆ ಹೋದರು.

ವೆಂಡೆಲ್ ಉರಿಬತ್ತಿ ಹಚ್ಚಿ ಗಾಲಿಗೂಡಿನೊಳಗೆ ಹಿಡಿದ. ಕಪ್ಪು ನೀರು ತೊಟ್ಟಿಕ್ಕತೊಡಗಿತು. ಚಕ್ರದ ತೋಳು ಬಿಟ್ಟಿತು, ಆದರೂ ಹ್ಯಾಂಡಲ್ ತಿರುಗಲಿಲ್ಲ. ನಾನು ಮೇಲಿನ ರಾಟೆಗೆ ಕೈ ಹಾಕಿ ನೋಡಿದೆ, ಅಲ್ಲಿ ಏನೋ ಸಿಕ್ಕಿಕೊಂಡಿತ್ತು. ತೆಗೆಯಬೇಕೆನ್ನುವಷ್ಟರಲ್ಲಿ ಆರ್ವೊ ಮೂಲೆ ತಿರುಗಿ ಬಂದೇಬಿಟ್ಟರು, ಕೈ ಒರೆಸಿಕೊಳ್ಳುತ್ತ.

"ಎಷ್ಟು ಹೊತ್ತು ಹೆಂಗಸರ ಹಾಗೆ ಮಾತಾಡ್ತೀರಾ? ಸರಿ, ಬಿಡಿ ಇತ್ಲಾಗೆ." ಮಂಡಿಯೂರಿ ಕೂತು ರಾಟೆಯೊಳಗೆ ಬೆರಳು ತೂರಿಸಿದರು. ತಿರುವಿದರು, ಎಳೆದರು. ಒಂದು ಸಣ್ಣ ರೆಂಬೆ ಈಚೆ ಬಂತು, ಜಜ್ಜಿಹೋಗಿ, ಹಸಿರಾಗಿ. ಅದು ಹಗ್ಗವನ್ನು ರಾಟೆಯ ಹಳ್ಳದಿಂದ ಹೊರಕ್ಕೆ ತಳ್ಳಿತ್ತು.

ಅವರು ರೆಂಬೆಯನ್ನು ಮೂಗಿಗೆ ಹಿಡಿದು ಮೂಸಿದರು.

"ನನ್ನದೇ," ಎಂದರು. ನನ್ನ ಕಡೆ ನೋಡದೆ ಅಂದರು, "ಹೇಳಿರಲಿಲ್ಲ ನಿಂಗೆ. ಆವತ್ತು ಸಂಜೆ ಬಂದು ಗಾಳಿ ಹೊಡೆಯೋ ಈ ಕಡೆಗೆ ಮೆತ್ತಿದ್ದೆ. ಆ ಹುಡುಗನಿಗೆ ಸಣ್ಣವನಿದ್ದಾಗಿಂದ ಗಂಜಿ ಕಲಸೋಕೇ ಬರಲ್ಲ, ನೀರು ಜಾಸ್ತಿ ಹಾಕ್ತಾನೆ. ಹೋಗೋನು ಹೋದ. ಚಳಿಯಲ್ಲಂತೂ ಹೋಗ್ಲಿಲ್ಲ. ನಾನು ರಾತ್ರಿ ಅದನ್ನೇ ಅಂದ್ಕೊಂಡು ಮಲಗ್ತೀನಿ."

ವೆಂಡೆಲ್ ಉರಿಬತ್ತಿ ಆರಿಸಿ ದೂರದ ದಡವನ್ನು ನೋಡುತ್ತ ನಿಂತ.

"ಒಳ್ಳೇದಾಯ್ತು ಮಾವ," ಎಂದೆ. ನನ್ನ ಹಲ್ಲು ಕಟಕಟ ಅನ್ನುತ್ತಿತ್ತು.

ಅದು ಅವರಿಗೆ ಕೇಳಿಸಿತು. ತಲೆಯೆತ್ತಿ ನೋಡಿದರು. "ಅಯ್ಯೋ ಹುಚ್ಚಿ! ಈ ಗಾಳೀಲಿ ಕೋಟು ಬಿಚ್ಚಿದೀಯಾ?"

"ಸೆಕೆ ಆಯ್ತು. ಇರ್ಲಿ ಬಿಡಿ. ಮಾವ, ಬೇಡ, ಬೇಡ ಅಂದ್ನಲ್ಲ..."

ಅವರು ಯಾವತ್ತು ಕೇಳಿದ್ದರು? ಎದ್ದು, ಎರಡು ಹೆಜ್ಜೆ ಹಾಕಿ, ಕೊಕ್ಕೆಯಿಂದ ಕೋಟು ತೆಗೆದು ನನ್ನ ಹೆಗಲಿಗೆ ಹೊದಿಸಿದರು. ಕೊರಳ ಹತ್ತಿರ ಎರಡೂ ಅಂಚನ್ನು ಕೂಡಿಸಿ, ಮಗುವಿಗೆ ಮಾಡುವ ಹಾಗೆ, ಮೇಲಿನ ಗುಂಡಿ ಹಾಕಿದರು. ಆಮೇಲೆ ತಿರುಗಿ ಗೋಡೆಯನ್ನು ನೋಡಿದರು.

"ಇದೇನಿದು?"

"ಅದಾ," ಎಂದ ವೆಂಡೆಲ್. "ಬ್ಯಾಟರಿ ಇಡೋ ಜಾಗ. ಅದಕ್ಕೆ ಗಾಳಿ ಬೇಕಲ್ಲ, ಅದಕ್ಕೆ."

ಆರ್ವೊ ಬಗ್ಗಿ ತೂತಿನ ಅಂಚಿಗೆ ಬೆರಳು ಆಡಿಸಿದರು. ಬೆರಳು ಕಪ್ಪಾಯಿತು. ಆ ಬೆರಳನ್ನು ಹೆಬ್ಬೆರಳಿಗೆ ಉಜ್ಜಿ ನೋಡಿದರು. ಜೀವಮಾನವಿಡೀ ಒಲೆ ಉರಿಸಿದ ಮನುಷ್ಯನಿಗೆ ಮಸಿ ಯಾವುದೆಂದು ಯಾರೂ ಹೇಳಬೇಕಿಲ್ಲ.

"ಮೇಲಿದೆಯಲ್ಲ ಕೊಳವೆ?" ಎಂದರು, ಸೂರಿನ ಕಡೆ ಗದ್ದ ಎತ್ತಿ.

ನಾವಿಬ್ಬರೂ ಉತ್ತರಿಸಲಿಲ್ಲ. ಮೇಲಿದ್ದದ್ದು ಬೇಸಿಗೆಗೆ ಗಾಳಿಯಾಡಲಿಕ್ಕೆ ಇಟ್ಟ ಫ್ಯಾನಿನ ಮುಚ್ಚಳ. ಉತ್ತರಿಸದೆ ಇದ್ದದ್ದೇ ತಪ್ಪಾಯಿತೇನೋ. ವೆಂಡೆಲ್ ಆಮೇಲೆ ಆತುರಾತುರವಾಗಿ, "ಹೌದೌದು, ಮೇಲಿನದೇ," ಎಂದ. ಆರ್ವೊ ತಲೆಯಾಡಿಸಿದರು. ನನ್ನ ಮುಖ ನೋಡಲಿಲ್ಲ.

"ಹ್ಯಾಂಡಲ್ ಹಿಡಿ," ಎಂದರು.

ಹಗ್ಗವನ್ನು ರಾಟೆಯ ಹಳ್ಳಕ್ಕೆ ಕೂರಿಸಿದರು. ಸುತ್ತಿಗೆಯಿಂದ ಚಕ್ರದ ತೋಳಿಗೆ ಎರಡು ಸಣ್ಣ ಏಟು ಹಾಕಿದರು. ನಾನು ತಿರುಗಿಸಿದೆ. ಈ ಸಲ ಹಲ್ಲುಗಾಲಿ ಒಂದೊಂದೇ ಹಲ್ಲು ಕಚ್ಚಿ ಮುಂದೆ ಸರಿಯಿತು. ಚಕ್ರ ನರಳುತ್ತ ಇಳಿದು ಮಂಜುಗಡ್ಡೆಗೆ ತಾಗಿತು, ಮನೆ ಮೇಲೆದ್ದಿತು, ಓರೆ ಹೋಗಿ ನೆಟ್ಟಗಾಯಿತು. ಅವರು ಬೀಗದ ಕಡ್ಡಿ ತೂರಿಸಿ, ಕೊನೆಯ ಕ್ಲಿಪ್ ಹಾಕಿ, ಅದು ಸರಿಯಾಗಿ ಕೂತಿದೆಯೇ ಎಂದು ಎಳೆದು ನೋಡಿದರು. ಎಂದಿನ ಹಾಗೆಯೇ. ಆ ರಾಗ ಮಾತ್ರ ಇರಲಿಲ್ಲ.

ಹಿಲ್ಮಾ ಟ್ರಕ್ಕಿನಲ್ಲಿ ಮಗನ ಟೊಪ್ಪಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಗಂಡನಿಗೆಂದು ಸುತ್ತಿಟ್ಟ ಬ್ರೆಡ್ಡನ್ನು ಕಿಟಕಿಯಿಂದ ಚಾಚಿದರು. ಆರ್ವೊ ತೆಗೆದುಕೊಂಡು ಜೇಬಿಗೆ ಹಾಕಿದರು. ಹತ್ತಲಿಲ್ಲ. "ನಡೀರಿ, ನಾನು ಹಿಂದೆ ಬರ್ತೀನಿ," ಎಂದರು. ಟ್ರಕ್ಕು ನಿಧಾನವಾಗಿ ಮನೆಯನ್ನು ಎಳೆಯಿತು. ದಡದವರೆಗೂ ಅವರು ಅದರ ಎಡಗೋಡೆಯ ಪಕ್ಕದಲ್ಲಿ ನಡೆದು ಬಂದರು, ಬರಿಗೈಯನ್ನು ಗೋಡೆಯ ಮೇಲಿಟ್ಟುಕೊಂಡು. ನಾನು ಟ್ರಕ್ಕಿನೊಳಗಿನ ಕನ್ನಡಿಯಲ್ಲಿ ನೋಡುತ್ತಿದ್ದೆ. ಹಿಲ್ಮಾ ಕೂಡ ಆ ಬದಿಯ ಕನ್ನಡಿಯಲ್ಲಿ ನೋಡುತ್ತಿದ್ದರು.

"ಕೈಗವಸು ಎಲ್ಲಿ ಬಿಟ್ರು ಇವ್ರು?" ಎಂದರು, ಯಾರನ್ನೂ ಕೇಳದೆ.

ಮರುದಿನ ಬೆಳಿಗ್ಗೆ ನಾನು ಎದ್ದಾಗ ಅಂಗಳದ ಹಿಮ ಬಾಚಿರಲಿಲ್ಲ. ರಾತ್ರಿ ಬಿದ್ದ ತೆಳ್ಳನೆಯ ಹಿಮ ಬಾಗಿಲವರೆಗೂ ಹಾಗೆಯೇ ಇತ್ತು, ಒಂದು ಹೆಜ್ಜೆಯೂ ಇಲ್ಲದೆ. ಅಡುಗೆಮನೆಯ ಕಿಟಕಿ ತೆರೆಯಲು ಹೋದವಳು ತೆರೆಯದೆ ಬಿಟ್ಟೆ. ಕಾಫಿಗೆ ನೀರಿಟ್ಟು ನಿಂತೆ.

ಆಗ ಯಾರೋ ಬಾಗಿಲು ತಟ್ಟಿದರು.

ನಮ್ಮ ಕಡೆ ಬಾಗಿಲು ತಟ್ಟುವವರು ಪೊಲೀಸರು, ಇಲ್ಲವೇ ಪಾದ್ರಿ. ಹಿಂದಿನ ಸಲ ತಟ್ಟಿದ್ದು ಜನವರಿಯಲ್ಲಿ. ಪರದೆ ಸರಿಸಿ ನೋಡಿದರೆ ಅಂಗಳದಲ್ಲಿ ಆರ್ವೊ ಅವರ ಕಾರು ನಿಂತಿತ್ತು. ಒಳಗೆ ಹಿಲ್ಮಾ ಕೂತಿದ್ದರು. ತಲೆ ಬಗ್ಗಿತ್ತು. ನಾನು ಅಷ್ಟು ರಾತ್ರಿ ಕಲ್ಪಿಸಿಕೊಂಡಿದ್ದ ಹಾಗೆಯೇ, ಗದ್ದ ಎದೆಗೆ ತಾಗುವಷ್ಟು. ಅದನ್ನು ನೋಡುತ್ತ ನನಗೆ ಏನಾದರೂ ಆಗಲೆಂದು ಕಾದೆ. ಏನೂ ಆಗಲಿಲ್ಲ. ಒಲೆಯ ಮೇಲೆ ನೀರು ಮರಳುತ್ತಿತ್ತು.

ಮತ್ತೆ ತಟ್ಟಿದರು, ಮೊದಲಿಗಿಂತ ಮೆಲ್ಲಗೆ.

ಬಾಗಿಲಿಗೆ ಬೀಗವಿರಲಿಲ್ಲ, ಅದು ಅವರಿಗೂ ಗೊತ್ತು. ಹೋಗಿ ತೆರೆದೆ. ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದರು. ತಲೆ ಬಾಚಿಕೊಂಡಿದ್ದರು. ಬಲಗೈಯ ತೋರುಬೆರಳಿನಲ್ಲಿ ಮಸಿ ಹಾಗೆಯೇ ಇತ್ತು.

"ಒಳಗೆ ಬರಬಹುದಾ, ಕೊರಿನ್?" ಎಂದರು. ನನ್ನನ್ನು ಅವರು ಹೆಸರು ಹಿಡಿದು ಕರೆದವರಲ್ಲ.

"ಬನ್ನಿ ಮಾವ. ಅತ್ತೇನೂ ಕರೀರಿ, ಕಾರಲ್ಲಿ ಚಳಿ."

"ಎಲ್ಲಾನೂ ಹೇಳ್ದೆ ಅವಳಿಗೆ," ಎಂದರು. "ಬರ್ತಾಳೋ ಇಲ್ವೋ ಗೊತ್ತಿಲ್ಲ. ಅವಳಿಷ್ಟ."

ಒಳಗೆ ಬಂದು ಬಾಗಿಲ ಚಾಪೆಯ ಮೇಲೆ ನಿಂತರು. ಬೂಟು ಕಳಚಿ, ಎರಡನ್ನೂ ಜೋಡಿಸಿ ಇಟ್ಟರು. ಅವರು ದಿನವೂ ಕೂರುವ ಕುರ್ಚಿ, ಕಿಟಕಿಯ ಪಕ್ಕದ್ದು, ಅಲ್ಲಿಯೇ ಇತ್ತು. ಎರಡು ಹೆಜ್ಜೆಯ ದೂರ. ಅವರು ಅದರ ಕಡೆ ಹೋಗಲಿಲ್ಲ. ನಾನು ಎಲ್ಲಿ ಕೂರಬೇಕೆಂದು ಹೇಳುವವರೆಗೆ, ಟೊಪ್ಪಿಗೆಯನ್ನು ಎದೆಗೆ ಹಿಡಿದು, ಚಾಪೆಯ ಮೇಲೆಯೇ ಕಾದರು.